ಉರುಟು ಆಕ್ಷನ್, ಅಲ್ಯೂಮಿನಿಯಂ ಚಾಸಿ ಮತ್ತು ಬದಿಯಡ್ಕ ರಸ್ತೆಯ ಒಂದು ಲೇತ್ ವರ್ಕ್‌ಶಾಪ್

ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಕಾಸರಗೋಡಿನಲ್ಲಿ ಕೋವಿಯ ಮರಕ್ಕೂ ಮನೆಯ ಬಾಗಿಲಿಗೂ ಒಂದೇ ಪಾಡು. ನನ್ನ ಏರ್ ರೈಫಲಿನ ಮರ ಆಟಿ ತಿಂಗಳಲ್ಲಿ ಉಬ್ಬಿ, ಬೇಸಗೆಯಲ್ಲಿ ಕುಗ್ಗಿ, ಗುರಿಯನ್ನು ವರ್ಷಕ್ಕೆರಡು ಬಾರಿ ಹೊಸದಾಗಿ ಹೊಂದಿಸಿಕೊಳ್ಳುವಂತೆ ಮಾಡುತ್ತಿತ್ತು. ಆ ಕಾಟದಿಂದ ಪಾರಾಗಲು ಮರದ ಬದಲಿಗೆ ರೈಫಲನ್ನು ಕೂರಿಸುವ ಅಲ್ಯೂಮಿನಿಯಂ ಚೌಕಟ್ಟು, ಅಂದರೆ ಚಾಸಿಯೊಂದನ್ನು ತರಿಸಿಕೊಂಡೆ. ರೈಫಲ್ 4.5 ಮಿ.ಮೀ. ನಳಿಗೆಯದು, ಶಕ್ತಿ 20 ಜೂಲಿನೊಳಗಿನದು. 2016ರ ಆಯುಧ ನಿಯಮಗಳ ಪ್ರಕಾರ ಇಂಥದ್ದನ್ನು ಇಟ್ಟುಕೊಳ್ಳಲು ಪರವಾನಗಿ ಬೇಡ.

ಚಾಸಿ ಮಾರಿದವರು ಜೋಡಣೆಯನ್ನೂ ಉಚಿತವಾಗಿ ಮಾಡಿಕೊಟ್ಟಿದ್ದರು. ಉಚಿತ ಎಂಬುದರ ಬೆಲೆ ಆಮೇಲೆ ತಿಳಿಯಿತು. 25 ಮೀಟರಿನಲ್ಲಿ ನಡುವಿಗೆ ಬೀಳುತ್ತಿದ್ದ ಪೆಲೆಟ್ (ಏರ್ ರೈಫಲಿನ ಸಣ್ಣ ಗುಂಡು) 50 ಮೀಟರಿನಲ್ಲಿ ಬಲಕ್ಕೆ ಸರಿಯುತ್ತಿತ್ತು, ರೈಫಲಿನ ಸಿಲಿಂಡರಿನಲ್ಲಿ ತುಂಬಿದ ಗಾಳಿ ಇಳಿದಂತೆ ಪೆಲೆಟ್‌ಗಳು ಬೀಳುವ ಗುಂಪು ಇನ್ನಷ್ಟು ಚದುರುತ್ತಿತ್ತು. ಹೀಗಾಗಿ ಕುಂಬಳೆಯಿಂದ ಸೀತಾಂಗೋಳಿ ದಾಟಿ ಬದಿಯಡ್ಕಕ್ಕೆ ಹೋಗುವ ರಸ್ತೆಯ ಬದಿಯಲ್ಲಿ, ಫಲಕವೂ ಇಲ್ಲದ ಲೇತ್ ವರ್ಕ್‌ಶಾಪಿಗೆ ಅದನ್ನು ಒಯ್ದೆ. ಹೆಸರು ಬರೆಯಬೇಡಿ ಎಂದು ಅಲ್ಲಿಯ ಹಿರಿಯರೇ ಕೇಳಿಕೊಂಡ ಕಾರಣ ಇಲ್ಲಿ ಬರೆಯುವುದಿಲ್ಲ.

ನನ್ನ ರೈಫಲಿನ ಆಕ್ಷನ್, ಅಂದರೆ ನಳಿಗೆಯ ಹಿಂದಿನ, ಪೆಲೆಟ್ ತುಂಬಿ ಹಾರಿಸುವ ಭಾಗ, ಅಡಿಯಲ್ಲಿ ಉರುಟಾಗಿದ್ದು, ಚಾಸಿಯ ವಿ ಆಕಾರದ ತೋಡಿನ ಎರಡು ಗೋಡೆಗಳ ಮೇಲೆ ಎರಡು ಗೆರೆಗಳಂತೆ ಮಾತ್ರ ಕೂರುತ್ತದೆ. ಚಪ್ಪಟೆ ಅಡಿಯ ಆಕ್ಷನ್ ತಾನಾಗಿ ಮಟ್ಟಕ್ಕೆ ಬಂದೀತು. ಉರುಟಿನದು ಬೋಲ್ಟ್ ಬಿಗಿಯುವಾಗ ಯಾವ ಕಡೆಗೂ ಹೊರಳಬಲ್ಲದು. ಹಿರಿಯರು ಆಕ್ಷನ್ನಿನ ಅಡಿಗೆ ಯಂತ್ರಗಾರರು ಬಳಸುವ ನೀಲಿ ಬಣ್ಣವನ್ನು ಬೆರಳಿನಿಂದ ತೆಳುವಾಗಿ ಸವರಿ, ತೋಡಿನಲ್ಲಿಟ್ಟು, ಮೆಲ್ಲಗೆ ಒತ್ತಿ ಎತ್ತಿದರು. ಎಡಗೋಡೆಯಲ್ಲಿ ಉದ್ದಕ್ಕೂ ನೀಲಿ ಹತ್ತಿತ್ತು, ಬಲಗೋಡೆಯಲ್ಲಿ ಹಿಂಬದಿಗೆ ಉಗುರಿನಷ್ಟಗಲದ ಒಂದೇ ಕಲೆ. ಅಲ್ಲಿ ಚಾಸಿಗೆ ಮೊದಲೇ ಬಳಿದಿದ್ದ ಬಣ್ಣದ ಲೇಪ ದಪ್ಪವಾಗಿ ಹೆಪ್ಪುಗಟ್ಟಿತ್ತು. "ಇದು ಕೂತದ್ದಲ್ಲ ಭಟ್ರೇ, ಎಳೆದು ಕಟ್ಟಿದ್ದು" ಎಂದರು.

ಮಾತಿನಲ್ಲಿ ಬಿಡದೆ, ಸೂಕ್ಷ್ಮ ಸರಿತವನ್ನು ಅಳೆಯುವ ಡಯಲ್ ಗೇಜಿನಲ್ಲೂ ತೋರಿಸಿದರು. ಗೇಜನ್ನು ಚಾಸಿಯ ಮುಂತುದಿಗೆ ಕಟ್ಟಿ, ಮುಳ್ಳನ್ನು ನಳಿಗೆಗೆ ತಾಗಿಸಿ, ಎರಡೂ ಬೋಲ್ಟುಗಳನ್ನು ಬಿಗಿದ ಬಳಿಕ ಒಂದನ್ನು ಸಡಿಲಿಸಿದಾಗ ಮುಳ್ಳು 0.18 ಮಿ.ಮೀ. ಸರಿಯಿತು. 0.05ರೊಳಗೆ ನಿಂತರೆ ಆಕ್ಷನ್ ಒತ್ತಡವಿಲ್ಲದೆ ಕೂತಿದೆಯೆಂದು ಈ ಕೆಲಸ ಬಲ್ಲವರು ಒಪ್ಪುತ್ತಾರೆ. ಲೇಪದ ಗಂಟನ್ನು ಕೆರೆದು, ನೀಲಿ ಹಚ್ಚಿ ನೋಡಿ, ಮತ್ತೆ ಕೆರೆದು, ನಾಲ್ಕನೆಯ ಸುತ್ತಿಗೆ 0.03ಕ್ಕೆ ತಂದರು. ಗಾಳಿಯ ಸಿಲಿಂಡರ್ ಚಾಸಿಗೆ ತಾಗುತ್ತಿದ್ದ ಜಾಗವನ್ನೂ ಸ್ವಲ್ಪ ತೆಗೆದು, ನಡುವೆ ಅಂಚೆ ಕಾರ್ಡೊಂದು ಸಲೀಸಾಗಿ ಓಡುವಂತೆ ಮಾಡಿದರು. 200 ಬಾರ್ ತುಂಬಿದಾಗ ಸಿಲಿಂಡರ್ ಕೂದಲೆಳೆಯಷ್ಟು ಹಿಗ್ಗುವುದರಿಂದ, ತಾಗಿಕೊಂಡಿದ್ದರೆ ಅದು ಆಕ್ಷನ್ನನ್ನೇ ದೂಡುತ್ತದೆ. ಗುಂಪು ಚದುರುತ್ತಿದ್ದುದು ಇದರಿಂದಲೇ.

ಮಟ್ಟ ನೋಡುವ ಕ್ರಮವೇ ನನಗೆ ಹೆಚ್ಚು ಹಿಡಿಸಿತು. ಮೊದಲು ಚಾಸಿಯನ್ನು ಮಾತ್ರ ವೈಸಿನಲ್ಲಿ ಮಟ್ಟಕ್ಕೆ ತಂದು, ಆಮೇಲೆ ಆಕ್ಷನ್ನಿನ ಮೇಲಿನ ಸಪಾಟು ಜಾಗದಲ್ಲಿ ಪುಟ್ಟ ಸ್ಪಿರಿಟ್ ಲೆವೆಲ್ ಇಟ್ಟು, ಎರಡು ಬೋಲ್ಟುಗಳನ್ನು ಒಂದು ಬಿಟ್ಟು ಒಂದರಂತೆ ಕಾಲು ಸುತ್ತು ಬಿಗಿಯುತ್ತಾ ಹೋದರು. ಗುರಿ ನೋಡುವ ದುರ್ಬೀನಾದ ಸ್ಕೋಪಿಗೆ ಮಾತ್ರ ಲೆವೆಲಿನ ಗುಳ್ಳೆಯನ್ನು ನಂಬಲಿಲ್ಲ. ಅಂಗಳದಾಚೆ ಅಡಕೆ ಮರಕ್ಕೆ ಮೇಸ್ತ್ರಿಗಳ ತೂಗುಗುಂಡು ಕಟ್ಟಿ, ಗಾಳಿಗೆ ಆಡದಿರಲೆಂದು ಗುಂಡನ್ನು ನೀರಿನ ಬಾಲ್ದಿಯಲ್ಲಿ ಮುಳುಗಿಸಿ, ಸ್ಕೋಪಿನ ಲಂಬಗೆರೆಯನ್ನು ಆ ಕೆಂಪು ದಾರಕ್ಕೆ ಸರಿಹೊಂದಿಸಿದರು. ಆಕ್ಷನ್ ತುಸು ವಾಲಿ, ಸ್ಕೋಪ್ ನೇರವಾಗಿದ್ದರೆ 50 ಮೀಟರಿನಲ್ಲಿ ಆಗುವ ತಪ್ಪು ಒಂದೆರಡು ಮಿಲಿಮೀಟರ್ ಮಾತ್ರ. ಗುರಿ ನೋಡುವ ಗೆರೆಯೇ 2 ಡಿಗ್ರಿ ವಾಲಿದರೆ, 25 ಮೀಟರಿಗೆ ಹೊಂದಿಸಿದ ನನ್ನಂಥ ರೈಫಲಿನ ಪೆಲೆಟ್ ಸುಮಾರು ಅರ್ಧ ಸೆಂಟಿಮೀಟರ್ ಬದಿಗೆ ಹೋಗುತ್ತದೆ. ನನ್ನದರಲ್ಲಿ ವಾಲಿದ್ದು ಗೆರೆಯೇ: ಸ್ಕೋಪನ್ನು ಹಿಡಿಯುವ ರಿಂಗಿನ ಒಂದು ಬದಿಯ ಸ್ಕ್ರೂಗಳನ್ನು ಪೂರ್ತಿ ಬಿಗಿದು ಮತ್ತೊಂದಕ್ಕೆ ಹೋದಾಗ ಸ್ಕೋಪ್ ತಿರುಗಿಬಿಟ್ಟಿತ್ತು.

ಕೊರತೆಗಳೂ ಇವೆ. ಅಲ್ಲಿರುವುದು ಬೈಕ್ ಕೆಲಸದ ಟಾರ್ಕ್ ರೆಂಚ್. ಅದರ ಅಳತೆ ಶುರುವಾಗುವುದೇ 5 ನ್ಯೂಟನ್ ಮೀಟರಿನಿಂದ. ನನ್ನ ಚಾಸಿಗೆ ಬೇಕಾದದ್ದು 4. ದೊಡ್ಡ ರೈಫಲುಗಳಿಗೆ ಹೇಳುವ 65 ಇಂಚ್-ಪೌಂಡ್, ಅಂದರೆ ಸುಮಾರು 7.3 ನ್ಯೂಟನ್ ಮೀಟರನ್ನು ಇದಕ್ಕೆ ಕೊಟ್ಟರೆ ಬೋಲ್ಟು ಕಚ್ಚುವ ಮರೆಯೇ (ತಿರುಪಿನ ಸುತ್ತು) ಹಾರೀತು ಎಂಬ ಹೆದರಿಕೆಯಿಂದ ಸಣ್ಣ ರೆಂಚನ್ನು ಮರುದಿನ ನಾನೇ ಒಯ್ಯಬೇಕಾಯಿತು. ಒಂದು ಬೋಲ್ಟಿನ ತಲೆಯಲ್ಲಿ ಅಲೆನ್ ಕೀ ಜಾರಿದ ಗೀರು ಉಳಿದಿದೆ. ಎರಡು ದಿನ ಎಂದ ಕೆಲಸ ಮೂರು ವಾರಕ್ಕೆ ಹೋಯಿತು, ಬಿಲ್ ಕೊಡುವುದಿಲ್ಲ. ಕೂಲಿ 1,200 ರೂಪಾಯಿ. ಅದರ ಬಗ್ಗೆ ನನಗೆ ತಕರಾರಿಲ್ಲ.

ಹೋಗುವವರು ಮಧ್ಯಾಹ್ನ ಒಂದರಿಂದ ಮೂರರ ನಡುವೆ ಹೋಗಬಾರದು, ಅಂಗಡಿ ಮುಚ್ಚಿರುತ್ತದೆ. ಸಿಲಿಂಡರಿನ ಗಾಳಿಯನ್ನೂ ಮನೆಯಲ್ಲೇ ಪೂರ್ತಿ ಬಿಟ್ಟುಕೊಂಡು ಹೋಗಬೇಕು. ತುಂಬಿದ ರೈಫಲನ್ನು ಅವರು ಮೇಜಿನ ಮೇಲೆ ಇಡಗೊಡುವುದಿಲ್ಲ, ನನ್ನನ್ನೂ ಮೊದಲ ದಿನ ಹಾಗೆಯೇ ವಾಪಸು ಕಳಿಸಿದ್ದರು.