ರಿಸರ್ಚ್‌ಗೇಟ್‌ನಲ್ಲಿ 11 ವರ್ಷ: ಪೇಪರೂ ಸಿಕ್ಕಿತು, ಒಂದು ಚಟವೂ ಅಂಟಿತು

ನಾನು ಸರ್ಕಾರಿ ಪದವಿ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವನು. ಕೆರೆ ಶಾಸನಗಳ ಮೇಲೆ ಪಿಎಚ್‌ಡಿ ಶುರು ಮಾಡಿದಾಗ, 2014ರಲ್ಲಿ, ರಿಸರ್ಚ್‌ಗೇಟ್ ಸೇರಿದೆ. ಸಂಶೋಧಕರು ತಮ್ಮ ಪೇಪರ್ ಹಾಕಿ, ಬೇರೆಯವರದ್ದು ಕೇಳಿ ಪಡೆಯುವ ವೆಬ್‌ಸೈಟ್ ಅದು. ದುಡ್ಡು ಕೊಡಬೇಕಿಲ್ಲ. ಕಾಲೇಜಿನ ಹೆಸರಿರುವ ಮೇಲ್ ಐಡಿ ನನಗಿರಲಿಲ್ಲ, ಅಚ್ಚಾದ ಲೇಖನ ತೋರಿಸಿ ಖಾತೆ ತೆರೆದೆ. ಸ್ಟಾರ್ ಕೊಡಬೇಕು ಅಂದರೆ ಐದಕ್ಕೆ ಮೂರೂವರೆ.

ಆ ಮೂರೂವರೆಯಲ್ಲಿ ಮೂರು ಒಂದೇ ಬಟನ್‌ಗೆ. ಬರೆದವರ ಹತ್ತಿರವೇ ಪೂರ್ತಿ ಪೇಪರ್ ಕೇಳುವ ಬಟನ್. ನಮ್ಮ ಲೈಬ್ರರಿಯಲ್ಲಿ ಕರ್ನಾಟಕದ ಶಾಸನಗಳನ್ನು ಒಟ್ಟುಮಾಡಿದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳೇ ಪೂರ್ತಿ ಇಲ್ಲ, ಇನ್ನು ವಿದೇಶಿ ಜರ್ನಲ್ ಎಲ್ಲಿಂದ ಬರಬೇಕು? ತಮಿಳುನಾಡಿನ ಕೆರೆಗಳ ಮೇಲಿನ ಒಂದು ಪೇಪರಿಗೆ 35 ಡಾಲರ್ ಕೇಳುತ್ತಿದ್ದರು. ರಾತ್ರಿ ಊಟ ಮುಗಿಸಿ ಬಟನ್ ಒತ್ತಿ ಮಲಗಿದೆ. ಬೆಳಿಗ್ಗೆ ನೋಡಿದರೆ ಬರೆದವರೇ ಪಿಡಿಎಫ್ ಕಳಿಸಿ, ನಿಮ್ಮ ಕಡೆ ತೂಬಿನ ಕಂಬದ ಮೇಲೂ ಶಾಸನ ಇರುತ್ತದಾ ಅಂತ ಕೇಳಿದ್ದರು. ಭಾನುವಾರ ಬೈಕ್ ಹತ್ತಿ ಹೋಗಿ, ಕಂಬಕ್ಕೆ ಹತ್ತಿದ್ದ ಪಾಚಿ ಉಜ್ಜಿ, ಫೋಟೋ ತೆಗೆದು ಕಳಿಸಿದೆ. ಇವತ್ತಿಗೂ ಮಾತುಕತೆ ಇದೆ, ಮುಖ ಮಾತ್ರ ನೋಡಿಲ್ಲ.

ಇನ್ನು ಚಟದ ವಿಷಯ. ಮೊದಲು ಆರ್‌ಜಿ ಸ್ಕೋರ್ ಅಂತ ಒಂದಿತ್ತು, ರಿಸರ್ಚ್‌ಗೇಟ್ ಪ್ರತಿಯೊಬ್ಬ ಸದಸ್ಯರಿಗೂ ಕೊಡುತ್ತಿದ್ದ ಅಂಕ. ಲೆಕ್ಕ ಹೇಗೆ ಅಂತ ಪೂರ್ತಿ ಬಿಚ್ಚಿ ಹೇಳಿರಲಿಲ್ಲ, ಆದರೆ ಪ್ರಶ್ನೆಗಳಿಗೆ ಉತ್ತರ ಬರೆದರೂ ಏರುತ್ತಿತ್ತು. ಬರೆದೆ. ಗೊತ್ತಿದ್ದಕ್ಕೂ ಬರೆದೆ, ಅರ್ಧಂಬರ್ಧ ಗೊತ್ತಿದ್ದಕ್ಕೂ ಬರೆದೆ. ಸ್ಟಾಫ್ ರೂಮಿನಲ್ಲಿ ಕೆಮಿಸ್ಟ್ರಿ ಮೇಷ್ಟ್ರದ್ದು 18, ನನ್ನದು 4 ಚಿಲ್ಲರೆ, ಅವರು ಅದನ್ನು ಬಯೋಡೇಟಾದಲ್ಲೂ ಹಾಕಿಕೊಂಡಿದ್ದರು! 2022ರಲ್ಲಿ ಕಂಪನಿಯೇ ಸ್ಕೋರ್ ತೆಗೆದುಹಾಕಿತು. ಸುಳ್ಳು ಯಾಕೆ ಹೇಳಲಿ, ಒಂದು ವಾರ ಜೇಬು ಖಾಲಿಯಾದ ಹಾಗಿತ್ತು. ಈಗ ಇಷ್ಟು ಜನ ಓದಿದರು ಅಂತ ಮೇಲ್ ಬರುತ್ತದೆ. ಸಾರಾಂಶದ ಪುಟ ತೆರೆದರೂ ಅದು ಓದಿದ ಲೆಕ್ಕವೇ, ಜಾಸ್ತಿ ಹಿಗ್ಗಬೇಡಿ. ಸೆಟ್ಟಿಂಗ್ಸ್‌ಗೆ ಹೋಗಿ ಮೇಲ್ ನಿಲ್ಲಿಸಿ.

ಪ್ರಕಾಶಕರ ಅಚ್ಚಿನ ಪಿಡಿಎಫ್ ಹಾಗೇ ಹಾಕಬೇಡಿ. ಇದೇ ವಿಷಯಕ್ಕೆ ಜರ್ನಲ್ ಪ್ರಕಟಿಸುವ ಎಲ್ಸೆವಿಯರ್ ಮತ್ತು ಅಮೆರಿಕನ್ ಕೆಮಿಕಲ್ ಸೊಸೈಟಿ 2017ರಲ್ಲಿ ಜರ್ಮನಿಯಲ್ಲಿ ರಿಸರ್ಚ್‌ಗೇಟ್ ಮೇಲೆ ಕೇಸು ಹಾಕಿದ್ದವು, ರಾಜಿಯಾಗಿದ್ದು 2023ರಲ್ಲಿ. ನಿಮ್ಮದೇ ಕರಡು ಹಾಕಬಹುದಾ ಅಂತ ಜರ್ನಲ್‌ನ ನಿಯಮ ನೋಡಿಕೊಳ್ಳಿ.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ಮಾತು. ನನ್ನ ಹಳೆಯ ಲೇಖನಗಳೆಲ್ಲ ಹಳೆಯ ನುಡಿ ಫಾಂಟಿನವು, ಯೂನಿಕೋಡ್ ಅಲ್ಲ. ಕಣ್ಣಿಗೇನೋ ಚೆನ್ನಾಗಿಯೇ ಕಾಣುತ್ತವೆ. ‘ತೂಬು’ ಅಂತ ಹುಡುಕಿದರೆ ಸಿಗುವುದಿಲ್ಲ, ಕಾಪಿ ಮಾಡಿ ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ. ಇದು ಸೈಟಿನ ತಪ್ಪಲ್ಲ. ಈ ಬೇಸಿಗೆ ರಜೆ ಪೂರ್ತಿ ಯೂನಿಕೋಡ್‌ಗೆ ಬದಲಾಯಿಸಿ, ಒತ್ತಕ್ಷರ ತಿದ್ದುತ್ತಾ ಕೂತಿದ್ದೆ. 9 ಲೇಖನ ಮುಗಿದವು. ಮೊನ್ನೆ ಹಾಸನದ ಕಡೆಯ ವಿದ್ಯಾರ್ಥಿನಿಯೊಬ್ಬರು ಅದರಲ್ಲೊಂದನ್ನು ಕೇಳಿದ್ದಾರೆ, ‘ಸರ್, ನಕ್ಷೆನೂ ಬೇಕಿತ್ತು’ ಅಂತ. ನಕ್ಷೆ ಸ್ಕ್ಯಾನ್ ಸರಿ ಬಂದಿಲ್ಲ, ನಾಳೆ ಜೆರಾಕ್ಸ್ ಅಂಗಡಿಗೆ ಹೋಗಬೇಕು.