ಶಾರ್ಟ್ ಎಂಡ್, ರೀಕ್ಯಾನ್: ಉಳಿಕೆ ನೆಗೆಟಿವ್ ಕೊಳ್ಳುವ ಮುನ್ನ

ಸಿನಿಮಾ ಶೂಟಿಂಗಿನಲ್ಲಿ ಮಿಕ್ಕ ಕಚ್ಚಾ ಫಿಲ್ಮ್ ಎರಡು ಬಗೆಯದು. ಕ್ಯಾಮೆರಾದ ಮ್ಯಾಗಜೀನಿಗೆ (ಫಿಲ್ಮ್ ಪೆಟ್ಟಿಗೆಗೆ) ತುಂಬಿ, ಓಡಿಸದೆ ಮತ್ತೆ ಡಬ್ಬಿಗೆ ಸೇರಿದ್ದು ರೀಕ್ಯಾನ್. ಅರ್ಧ ಓಡಿಸಿ ಕತ್ತರಿಸಿದ ಮೇಲೆ ಮಿಕ್ಕಿದ್ದು ಶಾರ್ಟ್ ಎಂಡ್. ಸಿಕ್ಕರೆ ರೀಕ್ಯಾನನ್ನೇ ಕೊಳ್ಳಿ. ಅದರಲ್ಲಿ ಉದ್ದ ಹೆಚ್ಚುಕಡಿಮೆ ಪೂರ್ತಿ ಇರುತ್ತದೆ.

ಶಾರ್ಟ್ ಎಂಡ್‌ನಲ್ಲಿ ಅಡಿಯ ದರ ನೋಡಿ ಮೋಸಹೋಗುವುದು ಸುಲಭ. 35 ಎಂಎಂ ನಾಲ್ಕು ಪರ್ಫ್ (ಒಂದು ಫ್ರೇಮಿಗೆ ಅಂಚಿನ ನಾಲ್ಕು ರಂಧ್ರ), ಸೆಕೆಂಡಿಗೆ 24 ಫ್ರೇಮಿನಲ್ಲಿ ನಿಮಿಷಕ್ಕೆ 90 ಅಡಿ ಓಡುತ್ತದೆ. 16 ಎಂಎಂ ಆದರೆ 36 ಅಡಿ. 35 ಎಂಎಂನ 120 ಅಡಿಯ ತುಂಡಿನಲ್ಲಿ ಥ್ರೆಡ್ಡಿಂಗ್ (ಕ್ಯಾಮೆರಾಕ್ಕೆ ಫಿಲ್ಮ್ ಪೋಣಿಸುವುದು) ಮತ್ತು ರೋಲಿನ ಬಾಲಕ್ಕೆ ಹತ್ತು ಅಡಿ ಹೋದರೆ ಉಳಿಯುವುದು 73 ಸೆಕೆಂಡ್, ಕ್ಲ್ಯಾಪಿನ ಹೊತ್ತೂ ಅದರಲ್ಲೇ. ಇಂಥ ಹತ್ತು ತುಂಡು ಕೊಂಡರೆ 1200 ಅಡಿಯಲ್ಲಿ ನೂರು ಅಡಿ ವ್ಯರ್ಥ. ಅದೇ ಉದ್ದ 400 ಅಡಿಯ ಮೂರು ರೋಲಾಗಿ ಬಂದರೆ ವ್ಯರ್ಥ ಮೂವತ್ತೇ. ಸಂಭಾಷಣೆಯ ದೃಶ್ಯಕ್ಕೆ 35 ಎಂಎಂನಲ್ಲಿ 200 ಅಡಿಗಿಂತ ಕಡಿಮೆಯದು ಬೇಡ. ಚಿಕ್ಕ ತುಂಡುಗಳು ಇನ್ಸರ್ಟ್ (ಒಂದು ವಿವರವನ್ನಷ್ಟೇ ತೋರುವ ಕಿರು) ಶಾಟ್‌ಗಳಿಗೆ ಇರಲಿ. ಡೆವಲಪಿಂಗ್, ಸ್ಕ್ಯಾನಿಂಗ್ ಖರ್ಚು ಹೊಸ ಸ್ಟಾಕಿನಷ್ಟೇ (ಸ್ಟಾಕ್ ಎಂದರೆ ಕಚ್ಚಾ ಫಿಲ್ಮ್) ಬರುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಡಬ್ಬಿಯ ಮೇಲಿನ ಕೈಬರಹವನ್ನು ನಂಬಬೇಡಿ, ಕ್ಲಿಪ್ ಟೆಸ್ಟ್ ಮಾಡಿಸಿ. ಲ್ಯಾಬಿನವರು ಕತ್ತಲಲ್ಲಿ ರೋಲಿನ ತಲೆಯಿಂದ ಕೆಲವು ಅಡಿ ಕತ್ತರಿಸಿ, ಎಕ್ಸ್‌ಪೋಸ್ ಮಾಡದೆ ಡೆವಲಪ್ ಮಾಡಿ, ಕೆಂಪು, ಹಸಿರು, ನೀಲಿ ಡೆನ್ಸಿಟಿ (ಸಾಂದ್ರತೆ) ಅಳೆದು ಅದೇ ಬಗೆಯ ಹೊಸ ಸ್ಟಾಕಿನ ಜೊತೆ ಹೋಲಿಸುತ್ತಾರೆ. ಅಂಕಿ ಏರಿದ್ದರೆ ಫಾಗ್ (ಬೆಳಕು ಬೀಳದಿದ್ದರೂ ಮೂಡುವ ಮಬ್ಬು) ಕೂತಿದೆ ಎಂದರ್ಥ: ಕಪ್ಪು ಹಾಲುಹಾಲಾಗುತ್ತದೆ, ನೆರಳಿನಲ್ಲಿ ಗ್ರೇನ್ (ಫಿಲ್ಮಿನ ಕಾಳುಕಾಳು) ಎದ್ದು ಕಾಣುತ್ತದೆ. ತುಸು ಏರಿಕೆಗೆ ಒಂದು ಸ್ಟಾಪ್ ಹೆಚ್ಚು, ಅಂದರೆ ಎರಡರಷ್ಟು, ಬೆಳಕು ಕೊಟ್ಟು ನಿಭಾಯಿಸಬಹುದು. ಮೂರೂ ಬಣ್ಣದ ಪದರಗಳ ಅಂಕಿ ಬೇರೆಬೇರೆ ಪ್ರಮಾಣದಲ್ಲಿ ಏರಿದ್ದರೆ ಬಿಟ್ಟುಬಿಡಿ, ಬಣ್ಣ ಹೊಂದಿಸುವ ಗ್ರೇಡಿಂಗ್‌ನಲ್ಲಿ ಆ ನೆರಳಿನ ಬಣ್ಣ ಸರಿಹೋಗುವುದು ಬಹಳ ಕಷ್ಟ. ತುಂಡಿನಲ್ಲಿ ಚಿತ್ರ ಮೂಡಿದರೆ ಅದು ಆಗಲೇ ಶೂಟ್ ಆದ ರೋಲ್.

ವೇಗದ ಸ್ಟಾಕ್ (ಕಡಿಮೆ ಬೆಳಕಿಗೂ ಸ್ಪಂದಿಸುವಂಥದ್ದು) ಬೇಗ ಕೆಡುತ್ತದೆ. ಕೊಡಾಕ್ 5219, ಅಂದರೆ ವೇಗದ 500 ಟಿ, ಹಳೆಯದಾದಷ್ಟೂ ಅನುಮಾನ ಹೆಚ್ಚು. ಅದೇ ವಯಸ್ಸಿನ ನಿಧಾನದ 50 ಡಿ 5203 ಎಷ್ಟೋ ವಾಸಿ. ಫ್ರೀಜರ್ ಶಾಖದ ಹಾನಿ ತಡೆಯುತ್ತದೆ, ಪರಿಸರದಲ್ಲಿ ಸದಾ ಇರುವ ಹಿನ್ನೆಲೆ ವಿಕಿರಣದ ಹಾನಿಯನ್ನಲ್ಲ. ಫ್ಯೂಜಿ 2013ರಲ್ಲೇ ಸಿನಿಮಾ ನೆಗೆಟಿವ್ ತಯಾರಿಕೆ ನಿಲ್ಲಿಸಿತು. ಆದ್ದರಿಂದ ಈಗ ಸಿಗುವ ಫ್ಯೂಜಿಯ ಎಟರ್ನಾ ಡಬ್ಬಿ ಯಾವುದಾದರೂ ಹಳೆಯದೇ, ಟೆಸ್ಟ್ ಇಲ್ಲದೆ ಮುಟ್ಟಬಾರದು.

ಒಂದು ದೃಶ್ಯಕ್ಕೆ ಒಂದೇ ಎಮಲ್ಷನ್ (ಬೆಳಕಿಗೆ ಸ್ಪಂದಿಸುವ ಲೇಪನ) ಬ್ಯಾಚಿನ ರೋಲುಗಳನ್ನು ಜೋಡಿಸಿಡಿ. ಫ್ರೀಜರಿನಿಂದ ತೆಗೆದ ಡಬ್ಬಿಯನ್ನು ಕೋಣೆಯ ಉಷ್ಣಕ್ಕೆ ಬರುವ ತನಕ ಟೇಪ್ ಬಿಚ್ಚದೆ ಇಡಬೇಕು, ದೊಡ್ಡ ರೋಲಿಗೆ ಇದಕ್ಕೆ ಹಲವು ಗಂಟೆ ಹಿಡಿಯುತ್ತದೆ. ಅವಸರದಲ್ಲಿ ತೆರೆದರೆ ಎಮಲ್ಷನ್ ಮೇಲೆ ತೇವ ಕೂತು ಕಲೆ ಉಳಿಯುತ್ತದೆ.