ಐರಿಶ್ ಕಿವಿಗೆ ಹತ್ತಬೇಕಾದರೆ ರೇಡಿಯೋನಾ, ಟಿವಿನಾ?

ಐರ್ಲೆಂಡಿನ ಭಾಷೆಯಾದ ಐರಿಶ್ ಓದಿದರೆ ತಿಳಿಯುತ್ತದೆ, ಆದರೆ ಯಾರಾದರೂ ಮಾತಾಡಿದರೆ ತಲೆಬುಡ ಗೊತ್ತಾಗುವುದಿಲ್ಲ ಅನ್ನುವವರಿಗೆ ಇದು. ಐರ್ಲೆಂಡಿನ ಪಶ್ಚಿಮದ ಊರಾದ ಗಾಲ್ವೇಯಲ್ಲಿ ಮಗಳ ಹೋಮ್‌ವರ್ಕ್ ನೆಪದಲ್ಲಿ ನಾನೂ ಕಲಿಯಲು ಕೂತೆ. ರೇಡಿಯೋ, ಟಿವಿ ಎರಡನ್ನೂ ಹಚ್ಚಿ ನೋಡಿದ್ದೇನೆ. ನನ್ನ ಓಟು ರೇಡಿಯೋಗೆ.

ಟಿಜಿ4 ಅನ್ನೋದು 1996ರಲ್ಲಿ ಶುರುವಾದ ಐರಿಶ್ ಚಾನೆಲ್. ಇವರ ಆನ್‌ಲೈನ್ ಪ್ಲೇಯರ್‌ನಲ್ಲಿ ಬೇಕಾದಷ್ಟು ಕಾರ್ಯಕ್ರಮ ಪುಕ್ಕಟೆ ಸಿಗುತ್ತವೆ. ನಾನು ಹಿಡಿದದ್ದು ರೋಸ್ ನ ರೂನ್ ಧಾರಾವಾಹಿ. ಜಗಳ, ಗುಟ್ಟು, ಮುರಿದ ಮದುವೆ ಎಲ್ಲ ಇದೆ, ಬೇಜಾರಂತೂ ಆಗುವುದಿಲ್ಲ. ತೊಂದರೆ ಕೆಳಗಿನ ಇಂಗ್ಲಿಷ್ ಸಬ್‌ಟೈಟಲ್‌ದು. ಕಣ್ಣು ಅಲ್ಲಿಗೆ ಹೋಯಿತೆಂದರೆ ಕಿವಿ ರಜೆ ಹಾಕುತ್ತದೆ. ಎಪಿಸೋಡ್ ಮುಗಿದಾಗ ಕಥೆಯೆಲ್ಲ ಗೊತ್ತು, ಕೇಳಿದ್ದು ಮಾತ್ರ ಒಂದೂ ನೆನಪಿಲ್ಲ. ಪರದೆಯ ಕೆಳಗೆ ರಟ್ಟು ಅಂಟಿಸಿಯೂ ನೋಡಿದೆ, ಆಗ ಮುಖ ನೋಡಿ ಊಹೆ ಮಾಡುವುದೇ ಜಾಸ್ತಿ ಆಯಿತು.

ರೇಡಿಯೋ ನ ಗೇಲ್ತಖ್ತ ಅನ್ನೋ ಐರಿಶ್ ರೇಡಿಯೋ 1972ರಿಂದ ಇದೆ. ಮುಖ್ಯ ಕಚೇರಿ ಗಾಲ್ವೇ ಪಕ್ಕದ ಕಾನೆಮಾರ ಸೀಮೆಯ ಕಾಸ್ಲದಲ್ಲಿ, ಡೊನೆಗಾಲ್ ಮತ್ತು ಕೆರಿಯಲ್ಲೂ ಸ್ಟುಡಿಯೋ ಇವೆ. ಮೂರು ಸೀಮೆಯ ಮಾತೂ ಬೇರೆ ಬೇರೆ. ಧಾರವಾಡ, ಮಂಗಳೂರು, ಮೈಸೂರಿನವರನ್ನು ಒಂದೇ ಮೈಕ್ ಮುಂದೆ ಕೂರಿಸಿದರೆ ಹೊಸಬನ ಗತಿ ಏನಾಗಬೇಕು, ಅಲ್ವಾ? ಅದಕ್ಕೇ ಎಲ್ಲ ಕಡೆಯವರೂ ಬರುವ ಬೆಳಗಿನ ಸುದ್ದಿಯನ್ನು ಸದ್ಯಕ್ಕೆ ಬಿಟ್ಟುಬಿಡಿ, ಒಂದೇ ಸೀಮೆ ಹಿಡಿಯಿರಿ. ನಾನು ಹತ್ತಿರದ ಕಾನೆಮಾರದ ‘ಇರಿಶ್ ಅನೀರ್’ ಅನ್ನೋ ಕಾರ್ಯಕ್ರಮ ಹಿಡಿದೆ.

ನನಗೆ ನಿಜವಾಗಿ ದಾರಿ ತೋರಿಸಿದ್ದು ಮರಣ ವಾರ್ತೆ. ನಗಬೇಡಿ. ತೀರಿಕೊಂಡವರ ಹೆಸರು, ಊರು, ದೇಹವನ್ನು ಎಲ್ಲಿ ಇಟ್ಟಿರುತ್ತಾರೆ, ಚರ್ಚಿನಲ್ಲಿ ಪೂಜೆ ಎಷ್ಟು ಗಂಟೆಗೆ, ಯಾವ ಸ್ಮಶಾನ. ದಿನವೂ ಹೆಚ್ಚುಕಡಿಮೆ ಅದೇ ವರಸೆ, ನಿಧಾನಕ್ಕೆ, ಬಿಡಿಸಿ ಓದುತ್ತಾರೆ. ಮುಂದೆ ಏನು ಬರುತ್ತದೆ ಅಂತ ಮೊದಲೇ ಗೊತ್ತಿರುವುದರಿಂದ ಗಂಟೆ, ವಾರ, ಊರ ಹೆಸರು ತಾವಾಗಿಯೇ ಕಿವಿಗೆ ಬೀಳತೊಡಗಿದವು. ಹವಾಮಾನ ವರದಿಯೂ ಹಾಗೇ. ಅಲ್ಲಿಂದ ಹರಟೆಗೆ ದಾಟಲು ತುಂಬಾ ಕಾಲ ಹಿಡಿಯಿತು, ವಯಸ್ಸಾದ ಮೀನುಗಾರರು ಫೋನಿನಲ್ಲಿ ಮಾತಾಡಿದರೆ ಈಗಲೂ ಅರ್ಧ ತಪ್ಪಿಹೋಗುತ್ತದೆ.

ಡಬ್ಲಿನ್‌ನ ರೇಡಿಯೋ ನ ಲಿಫ ಅನ್ನೋ ಇನ್ನೊಂದು ಐರಿಶ್ ರೇಡಿಯೋ ಸುಲಭ, ಸಂಗೀತವೂ ಚೆನ್ನಾಗಿರುತ್ತದೆ. ಆದರೆ ಅಲ್ಲಿ ಕಲಿತು ಮಾತಾಡುವವರೇ ಹೆಚ್ಚು, ಕಾನೆಮಾರದ ಅಜ್ಜಿಯ ಮಾತಿಗೆ ಅದು ಸಾಲದು.

ಎರಡರ ನಡುವೆ ಒಂದು ಒಳ್ಳೆಯ ದಾರಿ ಅಂದರೆ ವೀಫ್ಯಾಕ್ಸ್. ಮೇನೂತ್ ವಿಶ್ವವಿದ್ಯಾಲಯದವರು ಟಿಜಿ4 ಸುದ್ದಿಯ ತುಣುಕುಗಳಿಗೆ ಅಭ್ಯಾಸದ ಹಾಳೆ ಮಾಡಿ ಉಚಿತವಾಗಿ ಕೊಡುತ್ತಾರೆ. ಮೊದಲು ಹಾಳೆ ನೋಡದೆ ಕೇಳಿ.

ಟಿವಿ ಗೆಲ್ಲುವ ಜಾಗವೂ ಒಂದಿದೆ, ಐರ್ಲೆಂಡಿನದೇ ಆಟವಾದ ಗೇಲಿಕ್ ಫುಟ್‌ಬಾಲ್. ಕಾಮೆಂಟರಿ ಐರಿಶ್‌ನಲ್ಲೇ, ಸಬ್‌ಟೈಟಲ್ ಕಾಟ ಇಲ್ಲ, ಚೆಂಡು ಎಲ್ಲಿದೆ ಅಂತ ಕಣ್ಣಿಗೇ ಕಾಣುತ್ತದೆ. ರೇಡಿಯೋದಲ್ಲಿ ಅದೇ ಪಂದ್ಯ ಕೇಳಿದರೆ ನನಗೆ ಸ್ಕೋರ್ ಬಿಟ್ಟು ಬೇರೇನೂ ತಿಳಿಯುವುದಿಲ್ಲ.